ಪೇಂಟರ್ ಅತಾವುಲ್ಲಾ ನೆಟ್ಟಗೆ ಮಾಡಿದ ತಾರೀಖುಗಳು

ನವಲಗುಂದದಲ್ಲಿ ಬರೀ ಅತಾವುಲ್ಲಾ ಎಂದು ಕೇಳಿದರೆ ಯಾರೂ ಮನೆ ತೋರಿಸುವುದಿಲ್ಲ. ಆ ಹೆಸರಿನವರು ಊರಲ್ಲಿ ಬೇಕಾದಷ್ಟು ಜನ ಇದ್ದಾರೆ. ಪೇಂಟರ್ ಅತಾವುಲ್ಲಾ ಎನ್ನಿ, ಬಸ್‌ಸ್ಟ್ಯಾಂಡಿನಲ್ಲಿ ಶೇಂಗಾ ಮಾರುವವಳು ಕೂಡ ತಕ್ಕಡಿ ಹಿಡಿದ ಕೈಯಿಂದಲೇ ದಾರಿ ತೋರಿಸುತ್ತಾಳೆ. ಅವನು ಬಣ್ಣದ ಡಬ್ಬಿ ಮುಟ್ಟಿ ಎಷ್ಟೋ ವರ್ಷವಾದವು, ಹೆಸರು ಮಾತ್ರ ಹೋಗಲಿಲ್ಲ. ಅಡ್ಡಹೆಸರು ಎಂದರೆ ಹಾಗೆಯೇ ನೋಡಿ, ಒಮ್ಮೆ ಅಂಟಿತೆಂದರೆ ಸೀಮೆಎಣ್ಣೆ ಹಾಕಿ ತಿಕ್ಕಿದರೂ ಬಿಡದು.

ಒಂದು ಕಾಲಕ್ಕೆ ಈ ತಾಲೂಕಿನ ಟ್ರ್ಯಾಕ್ಟರ್ ಟ್ರಾಲಿಗಳ ಬೆನ್ನ ಮೇಲೆ, ಹಿಟ್ಟಿನ ಗಿರಣಿಗಳ ನೆತ್ತಿಯ ಮೇಲೆ, ಬೀಜ ಗೊಬ್ಬರದ ಅಂಗಡಿಗಳ ಹಣೆಯ ಮೇಲೆ ಇದ್ದದ್ದೆಲ್ಲ ಅವನ ಅಕ್ಷರವೇ. ಸುಣ್ಣ ಹಚ್ಚಿದ ದಾರ ಎಳೆದು ಗೆರೆ ಹೊಡೆಯದೆ ಅವನು ಕುಂಚ ಮುಟ್ಟಿದವನಲ್ಲ. ಅಕ್ಷರಗಳು ಕೂರಿಗೆಯಲ್ಲಿ ಬಿತ್ತಿದ ಕಡಲೆಯ ಸಾಲಿನಂತೆ ನಿಲ್ಲಬೇಕು. ಒಂದು ಹಿಂದೆ ಒಂದು ಮುಂದೆ ಆಯಿತೋ, ಅವತ್ತು ಅವನಿಗೆ ಊಟ ಇಳಿಯುತ್ತಿರಲಿಲ್ಲ. ಹಾಗಂತ ಬರೆದದ್ದನ್ನು ಓದಿ ನೋಡುತ್ತಿದ್ದನೇ? ಅದೊಂದನ್ನು ಕೇಳಬೇಡಿ. ಒಮ್ಮೆ ದವಾಖಾನೆಗೆ ದಾರಿ ತೋರಿಸುವ ಫಲಕ ಬರೆದು, ಬಾಣವನ್ನು ಸ್ಮಶಾನದ ಕಡೆ ತಿರುಗಿಸಿ ಇಟ್ಟಿದ್ದ. ಬಾಣ ಎಷ್ಟು ಅಂದವಾಗಿತ್ತೆಂದರೆ ಬಹಳ ದಿನ ಅದನ್ನು ಅಳಿಸಲು ಯಾರಿಗೂ ಮನಸ್ಸಾಗಲಿಲ್ಲ. ಅಂದ ನೋಡುವ ಕಣ್ಣು ಅರ್ಥ ನೋಡುವುದಿಲ್ಲ. ಊರ ಜನ ಅದನ್ನು ಹೇಳಿ ಹೇಳಿ ನಗುತ್ತಿದ್ದರು, ಅವನೂ ನಗುತ್ತಿದ್ದ.

ಆಮೇಲೆ ಫ್ಲೆಕ್ಸ್ ಬಂತು. ಬೆಳಿಗ್ಗೆ ಫೋನ್ ಮಾಡಿದರೆ ಮಧ್ಯಾಹ್ನ ಹುಬ್ಬಳ್ಳಿಯಿಂದ ಬಣ್ಣಬಣ್ಣದ ಬೋರ್ಡು ಬಂದು ಇಳಿಯುವಾಗ, ದಾರ ಎಳೆಯುತ್ತ ಕೂರುವವನನ್ನು ಯಾರು ಕರೆಯುತ್ತಾರೆ? ಅತಾವುಲ್ಲಾ ಕೆಲವು ದಿನ ಫ್ಲೆಕ್ಸಿನವರಿಗೆ ಶಾಪ ಹಾಕಿದ, ಕೆಲವು ದಿನ ಸುಮ್ಮನೆ ಕೂತ, ಕೊನೆಗೆ ಹುಬ್ಬಳ್ಳಿಯಿಂದಲೇ ಒಂದು ಹಳೆಯ ಕಂಪ್ಯೂಟರ್ ತಂದು ಬಸ್‌ಸ್ಟ್ಯಾಂಡಿನ ಬಾಜು ಆನ್‌ಲೈನ್ ಸೆಂಟರ್ ತೆರೆದ. ಪಹಣಿ, ಜಾತಿ ಪ್ರಮಾಣಪತ್ರ, ಬೆಳೆವಿಮೆಯ ಅರ್ಜಿ, ಮಕ್ಕಳ ರಿಸಲ್ಟು, ಎಲ್ಲವೂ ಅಲ್ಲೇ. ಆದರೆ ಕುಂಚ ಹೋದರೂ ಚಾಳಿ ಹೋಗಬೇಕಲ್ಲ! ಎರಡು ಸಾಲಿನ ಅರ್ಜಿಯಾದರೂ ಎಡಬಲ ಸಮ ಮಾಡಿ, ತಲೆಬರಹ ದಪ್ಪ ಮಾಡಿ, ಕಣ್ಣು ಕಿರಿದು ಮಾಡಿಕೊಂಡು ದೂರದಿಂದ ಒಮ್ಮೆ ನೋಡಿಯೇ ಪ್ರಿಂಟ್ ಕೊಡುತ್ತಿದ್ದ. "ಲೇ ಪೇಂಟರ, ನನ್ನ ಬಸ್ ಹೊಂಟೈತಿ, ಶೃಂಗಾರ ಸಾಕ್ ಮಾಡೋ" ಎಂದು ಗಿರಾಕಿಗಳು ಬೈಯುತ್ತಿದ್ದರು. ಬೈದವರೇ ಮರುವಾರ ಮತ್ತೆ ಅವನ ಹತ್ತಿರವೇ ಬರುತ್ತಿದ್ದರು.

ಅವನಿಗೂ ಹೆಂಡತಿ ಖಾದರಬಿಗೂ ಒಬ್ಬಳೇ ಮಗಳು, ಮುಬಶಿರಾ. ಪುಸ್ತಕಕ್ಕಿಂತ ಓಟದ ಮೇಲೆ ಜೀವ. ಅವಳ ಜೋಡಿ ಎಂದರೆ ಹತ್ತಿರದ ಮೊರಬ ಹಳ್ಳಿಯ ಸಮೀಕ್ಷಾ. ಇಬ್ಬರೂ ನವಲಗುಂದದ ಒಂದೇ ಶಾಲೆ, ಒಂದೇ ಬೆಂಚು. ಸಮೀಕ್ಷಾ ಬೆಳಗಿನ ಮೊದಲ ಬಸ್ಸಿಗೆ ಬಂದು ತಾಲೂಕು ಮೈದಾನದಲ್ಲಿ ಬರಿಗಾಲಲ್ಲಿ ಓಡಿ, ಅತಾವುಲ್ಲಾನ ಮನೆಯಲ್ಲೇ ಮುಖ ತೊಳೆದು, ಖಾದರಬಿ ಕೊಟ್ಟದ್ದು ತಿಂದು ಶಾಲೆಗೆ ಹೋಗುವವಳು. ಅವಳ ತಾಯಿ ಕಸ್ತೂರೆವ್ವ ಹೊಲದ ಕೂಲಿಗೆ ಹೋಗುವ ಹೆಂಗಸು. ಮಗಳ ಕೈಯಲ್ಲಿ ಒಂದು ದಿನ ಖಡಕ್ ರೊಟ್ಟಿ, ಒಂದು ದಿನ ಅಗಸಿ ಚಟ್ನಿ ಕಟ್ಟಿ ಕಳಿಸುತ್ತಿದ್ದಳು. ಬರಿಗೈಯಲ್ಲಿ ಯಾರ ಮನೆಗೂ ಹೋಗಬಾರದು ಎನ್ನುವುದು ಅವಳ ಕಾನೂನು. ಓಟದಲ್ಲಿ ಸಮೀಕ್ಷಾಳನ್ನು ಹಿಡಿಯುವವರು ತಾಲೂಕಿನಲ್ಲಿ ಇರಲಿಲ್ಲ. ಮುಬಶಿರಾ ಯಾವಾಗಲೂ ಎರಡನೆಯವಳು. ಅವಳಿಗೆ ಅದರ ಬೇಸರವೂ ಇರಲಿಲ್ಲ. "ಆಕಿ ಬೆನ್ನ ಹತ್ತಿ ಹತ್ತಿನಽ ನಾ ಇಷ್ಟ ಓಡಾಕ ಕಲತದ್ದು" ಎನ್ನುತ್ತಿದ್ದಳು.

ಹೊರಜಿಲ್ಲೆಯ ಒಂದು ಕ್ರೀಡಾ ವಸತಿ ಶಾಲೆಯವರು ಕಳೆದ ವರ್ಷದ ಬೇಸಿಗೆಯಲ್ಲಿ ತಾಲೂಕಿಗೆ ಒಬ್ಬ ಹುಡುಗಿಯನ್ನು ಆರಿಸಿಕೊಳ್ಳುವುದಾಗಿ ತಿಳಿಸಿದರು. ಊಟ, ವಸತಿ, ಓದು, ಬೂಟು, ಕೋಚು ಎಲ್ಲ ಅವರದೇ. ವಯಸ್ಸಿಗೊಂದು ಮಿತಿಯಿತ್ತು. ಸಮೀಕ್ಷಾ ಹೋದರೆ ಆ ವರ್ಷವೇ ಹೋಗಬೇಕು, ಮರುವರ್ಷ ಬಾಗಿಲು ಮುಚ್ಚಿದಂತೆ. ಓಟದ ಪರೀಕ್ಷೆ ನಡೆಯಿತು. ಸಮೀಕ್ಷಾ ಮೊದಲು, ಮುಬಶಿರಾ ಎರಡು. ಕಸ್ತೂರೆವ್ವ ಆಗಲೇ ಮಗಳಿಗೆ ಹೊದೆಯಲು ಒಂದು ಹೊಸ ಕೌದಿ ಹೊಲಿಯಲು ಕೂತಳಂತೆ.

ಇನ್ನು ಉಳಿದದ್ದು ಹೆಸರು ಕಳಿಸುವುದು. ವ್ಯಾಯಾಮ ಶಿಕ್ಷಕ ಪ್ರಭಂಜನ ಮಾಸ್ತರರು ಶಾಲೆಯ ಫೈಲನ್ನು ಅತಾವುಲ್ಲಾನ ವಾಟ್ಸಾಪಿಗೆ ಹಾಕಿ ಅಂಗಡಿಗೆ ಬಂದರು.

"ಅತಾವುಲ್ಲಾ ಅವರ, ಅವರು ಇದನ್ನ ಸಿಎಸ್‌ವಿ ಒಳಗಽ ಕೇಳ್ಯಾರ. ಓಡಿದವರ ಹೆಸರಷ್ಟ ಇಟ್ಟು, ಉಳಿದದ್ದು ತಗದು ಕಳಿಸಿಬಿಡ್ರಿ. ವಯಸ್ಸು ಗಿಯಸ್ಸು ಎಲ್ಲಾ ಅವರಽ ನೋಡ್ಕೋತಾರ. ನಾ ಸಂಜೀಕ ಸೂಟಿಗೆ ಊರಿಗೆ ಹೊಂಟೀನಿ."

ಸಿಎಸ್‌ವಿ ಎಂದರೆ ಏನೋ ಮಹಾ ಎಂದು ತಿಳಿಯಬೇಡಿ. ಎಕ್ಸೆಲ್ ಪಟ್ಟಿಯ ಮೈಮೇಲಿನ ಬಣ್ಣ, ಗೆರೆ, ಚೌಕ ಎಲ್ಲ ಕಳಚಿ ಒಗೆದರೆ ಉಳಿಯುವ ಬರೀ ಅಕ್ಷರ, ಬರೀ ಅಂಕಿ, ನಡುನಡುವೆ ಒಂದೊಂದು ಅಲ್ಪವಿರಾಮ. ಅಷ್ಟೇ. ಯಾವ ಕಂಪ್ಯೂಟರಿನಿಂದ ಯಾವ ಕಂಪ್ಯೂಟರಿಗೆ ಕಳಿಸಿದರೂ ತೆರೆಯುತ್ತದೆ ಎಂದು ದೊಡ್ಡ ಆಫೀಸಿನವರಿಗೆ ಅದೇ ಬೇಕು. ಆದರೆ ಆ ಬಡ ಫೈಲಿಗೆ ಇದು ಹೆಸರು, ಇದು ತಾರೀಖು ಎಂಬ ಪರಿವೆ ಇರುವುದಿಲ್ಲ. ತೆರೆದ ಯಂತ್ರ ತನಗೆ ತಿಳಿದಂತೆ ಅರ್ಥ ಮಾಡಿಕೊಳ್ಳುತ್ತದೆ. ಅತಾವುಲ್ಲಾನ ಹಳೆಯ ಕಂಪ್ಯೂಟರಿಗೆ ತಿಳಿದದ್ದು ಅಮೆರಿಕದವರ ಪದ್ಧತಿ: ಮೊದಲು ತಿಂಗಳು, ಆಮೇಲೆ ದಿನ. ಅದನ್ನು ಬದಲಿಸಬೇಕೆಂದು ಕೊಟ್ಟವನೂ ಹೇಳಲಿಲ್ಲ, ಕೊಂಡವನೂ ಕೇಳಲಿಲ್ಲ.

ಫೈಲು ತೆರೆದ ಕೂಡಲೇ ಅತಾವುಲ್ಲಾನ ಹುಬ್ಬು ಗಂಟಾಯಿತು. ಹುಟ್ಟಿದ ತಾರೀಖಿನ ಸಾಲಿನಲ್ಲಿ ಕೆಲವು ಎಡಗಡೆಗೆ ಅಂಟಿಕೊಂಡಿದ್ದವು, ಕೆಲವು ಬಲಗಡೆಗೆ. ಎಡಗಡೆಯವುಗಳ ನಡುವೆ ಅಡ್ಡಗೆರೆ, ಬಲಗಡೆಯವುಗಳ ನಡುವೆ ಓರೆಗೆರೆ.

"ಇದೇನ್ರಿ ಸರ, ಸಂತ್ಯಾಗ ಕುಂತಂಗ ಕುಂತಾವು! ಒಂದ ಈ ಕಡಿ, ಒಂದ ಆ ಕಡಿ."

"ಕೂತ್ರ ಕೂಡ್ಲಿ ಬಿಡ್ರಿ. ಮದುವಿ ಪತ್ರಿಕಿ ಏನ್ ಅಲ್ಲಲ್ಲಾ ಅದು. ಹೆಂಗ ಅದನೋ ಹಂಗಽ ಕಳಸ್ರಿ" ಎಂದರು ಮಾಸ್ತರರು.

"ನನ್ನ ಕೈಯಿಂದ ಹಿಂಗ ಹೊರಗ ಹೋಗಂಗಿಲ್ರಿ. ಒಂದ ಮಿನಿಟ್ ತಡೀರಿ."

ಆ ಎಡಬಲ ಸುಮ್ಮನೆ ಆದದ್ದಲ್ಲ. ಹನ್ನೆರಡರ ಮೇಲಿನ ದಿನಗಳನ್ನು ಕಂಡ ಕಂಪ್ಯೂಟರು, ಇಂಥ ತಿಂಗಳೇ ಇಲ್ಲ ಎಂದು ಅವುಗಳನ್ನು ಮುಟ್ಟದೆ ಎಡಕ್ಕೆ ಬಿಟ್ಟಿತ್ತು. ಹನ್ನೆರಡರ ಒಳಗಿನ ದಿನಗಳನ್ನು ಮಾತ್ರ ತಿಂಗಳೆಂದು ತಿಳಿದು, ತನ್ನ ಲೆಕ್ಕದ ತಾರೀಖು ಮಾಡಿಕೊಂಡು ಬಲಕ್ಕೆ ಎಳೆದುಕೊಂಡಿತ್ತು. ಪಾಪ, ಅದು ತನಗೆ ಅನುಮಾನವಿದೆ ಎಂದು ತನ್ನ ಭಾಷೆಯಲ್ಲಿ ಕೂಗುತ್ತಿತ್ತು. ಅತಾವುಲ್ಲಾನಿಗೆ ಕಂಡದ್ದು ಸೊಟ್ಟ ಸಾಲು ಮಾತ್ರ. ಇಡೀ ಸಾಲನ್ನು ಹಿಡಿದು, ಮೊದಲು ದಿನ ಆಮೇಲೆ ತಿಂಗಳು ಎಂಬ ನಮ್ಮ ಕಡೆಯ ಮಾದರಿ ಒತ್ತಿದ. ಎಡಗಡೆಯವು ಇದ್ದಂತೆಯೇ ಉಳಿದವು. ಬಲಗಡೆಯವು ಮಗ್ಗುಲು ಬದಲಿಸಿ ಮಲಗಿದವು: ಐದನೇ ನವೆಂಬರ್ ಇದ್ದದ್ದು ಹನ್ನೊಂದನೇ ಮೇ ಆಯಿತು, ಎಂಟನೇ ಮಾರ್ಚ್ ಇದ್ದದ್ದು ಮೂರನೇ ಆಗಸ್ಟ್ ಆಯಿತು. ಆಮೇಲೆ ಎಲ್ಲವನ್ನೂ ನಡುವಿಗೆ ತಂದ. ಆಹಾ, ಈಗ ಸಾಲೆಂದರೆ ಸಾಲು! ಕಣ್ಣು ಕಿರಿದು ಮಾಡಿ ನೋಡಿ ತೃಪ್ತಿಪಟ್ಟು, ಮಾಸ್ತರರಿಗೆ ಒಂದು ಪ್ರತಿ, ಆ ಶಾಲೆಗೆ ಒಂದು ಪ್ರತಿ ಕಳಿಸಿದ. ನಡುವಿಗೆ ತಂದದ್ದು ಸಿಎಸ್‌ವಿಯಲ್ಲಿ ಉಳಿಯುವುದೇ ಇಲ್ಲ. ಉಳಿದದ್ದು ಮಗ್ಗುಲು ಬದಲಿಸಿದ ತಾರೀಖು.

ಫಲಿತಾಂಶ ಒಂದು ಮಂಗಳವಾರ ಬಂತು. ಮಾಸ್ತರರು ತಮ್ಮ ಊರಿನಿಂದ ಫೋನ್ ಮಾಡಿ, ಆಯ್ಕೆಯ ಕಾಗದವನ್ನು ವಾಟ್ಸಾಪಿಗೂ ಹಾಕಿದರು. ನವಲಗುಂದ ತಾಲೂಕಿನಿಂದ ಆಯ್ಕೆಯಾದವಳು ಮುಬಶಿರಾ. ಸಮೀಕ್ಷಾಳ ಹೆಸರಿನ ಮುಂದೆ ವಯಸ್ಸು ಮೀರಿದೆ ಎಂದು ಬರೆದಿದ್ದರು.

ಮನೆಯಲ್ಲಿ ಅವತ್ತು ಶೀರಾ. ಖಾದರಬಿ ತಟ್ಟೆಗೆ ವಸ್ತ್ರ ಮುಚ್ಚಿಕೊಂಡು ಓಣಿಯಲ್ಲಿ ಮನೆಮನೆಗೆ ಹಂಚಿ ಬಂದಳು. ಮುಬಶಿರಾ ಮಾತ್ರ ಒಂದು ಚಮಚ ತಿಂದು ಕೈ ತೊಳೆದಳು. ಸಮೀಕ್ಷಾಳ ಸಂಕಟಕ್ಕೆ ಹೀಗೆ ಮಾಡುತ್ತಾಳೆ ಎಂದುಕೊಂಡ ಅತಾವುಲ್ಲಾ. ಅವನಿಗೂ ಸಂಕಟವಿತ್ತು, ಇಲ್ಲವೆನ್ನಬಾರದು. ಆದರೆ ತನ್ನ ಮಗಳು ಎನ್ನುವ ಖುಷಿ ಆ ಸಂಕಟವನ್ನು ಒಂದು ಮೂಲೆಗೆ ತಳ್ಳಿತ್ತು.

ಬುಧವಾರ ಬೆಳಿಗ್ಗೆ ಆಯ್ಕೆಯ ಕಾಗದವನ್ನು ಪ್ರಿಂಟ್ ಮಾಡಿ ಗೋಡೆಗೆ ಹಚ್ಚಬೇಕೆಂದು ಕೂತ. ಹಚ್ಚುವ ಮೊದಲು, ಎಂದೂ ಇಲ್ಲದವನು, ಅವತ್ತು ಓದಿದ. ಮಗಳ ಹೆಸರಿರುವ ಕಾಗದವಲ್ಲವೇ! ಕೆಳಗಡೆ ನಿಯಮ ಬರೆದಿದ್ದರು: ಎರಡು ಸಾವಿರದ ಹನ್ನೊಂದರ ಜೂನ್ ಒಂದಕ್ಕೆ ಅಥವಾ ಆಮೇಲೆ ಹುಟ್ಟಿದವರು ಮಾತ್ರ. ಅತಾವುಲ್ಲಾ ಆ ಸಾಲನ್ನು ಮತ್ತೊಮ್ಮೆ ಓದಿದ. ಮುಬಶಿರಾ ಹುಟ್ಟಿದ್ದು ಆ ವರ್ಷದ ಮಾರ್ಚಿನಲ್ಲಿ. ಕಾಮಣ್ಣನ ಹಬ್ಬದ ಬೋರ್ಡು ಬರೆಯುತ್ತಿದ್ದವನು ಬಣ್ಣದ ಕೈಯಲ್ಲೇ ದವಾಖಾನೆಗೆ ಓಡಿ, ಕೂಸಿನ ಕೆನ್ನೆಗೆ ಹಳದಿ ಮೆತ್ತಿ, ನರ್ಸಮ್ಮನ ಹತ್ತಿರ ಬೈಸಿಕೊಂಡಿದ್ದ. ಮಾರ್ಚಿನಲ್ಲಿ ಹುಟ್ಟಿದವಳು ಹೇಗೆ ಆಯ್ಕೆಯಾದಳು? ಕಾಗದದಲ್ಲಿ ಅವಳ ಹೆಸರಿನ ಮುಂದೆ ಮೂರನೇ ಆಗಸ್ಟ್ ಎಂದಿತ್ತು.

ತಾನು ಕಳಿಸಿದ ಫೈಲು ತೆರೆದ. ಅಲ್ಲೂ ಮಗಳ ಮುಂದೆ ಮೂರನೇ ಆಗಸ್ಟ್. ವಾಟ್ಸಾಪಿನಲ್ಲಿ ಉಳಿದಿದ್ದ ಶಾಲೆಯ ಮೂಲ ಫೈಲನ್ನು ಈ ಸಲ ಎಕ್ಸೆಲ್ಲಿನಲ್ಲಿ ತೆರೆಯದೆ ನೋಟ್‌ಪ್ಯಾಡಿನಲ್ಲಿ ತೆರೆದ. ಅಲ್ಲಿ ಎಂಟನೇ ಮಾರ್ಚ್. ಸಮೀಕ್ಷಾಳ ಸಾಲಿಗೆ ಬಂದ. ಮೂಲದಲ್ಲಿ ಐದನೇ ನವೆಂಬರ್, ಕಳಿಸಿದ್ದರಲ್ಲಿ ಹನ್ನೊಂದನೇ ಮೇ. ಜೂನ್ ಒಂದರ ಈಚೆ ಇದ್ದವಳನ್ನು ಆಚೆ ತಳ್ಳಿ, ಆಚೆ ಇದ್ದ ತನ್ನ ಮಗಳನ್ನು ಈಚೆ ಎಳೆದು ಕೂರಿಸಿದ್ದ. ಬೇರೆ ಯಾರೂ ಅಲ್ಲ, ತಾನೇ, ಈ ಕೈಯಿಂದಲೇ.

ಕಾಗದದ ಕೊನೆಯಲ್ಲಿ ಇನ್ನೂ ಒಂದು ಮಾತಿತ್ತು. ತಿದ್ದುಪಡಿ ಇದ್ದರೆ ಶನಿವಾರದೊಳಗೆ ತಿಳಿಸಬೇಕು. ಮೇಲೆ ಫೋನ್ ನಂಬರೂ ಇತ್ತು. ಅಂದರೆ ಬುಧವಾರ ಬೆಳಿಗ್ಗೆ ಒಂದು ಫೋನ್ ಮಾಡಿದ್ದರೆ ಎಲ್ಲ ಸರಿಹೋಗುತ್ತಿತ್ತು. ಅಷ್ಟರಲ್ಲಿ ಖಾದರಬಿ ಅಂಗಡಿಗೆ ಹಾಯ್ದು ಬಂದು, ಮಗಳಿಗೆ ಒಂದು ಒಳ್ಳೆಯ ಸ್ವೆಟರ್ ತರಬೇಕು, ಅಲ್ಲಿ ಚಳಿ ಇರುತ್ತದಂತೆ ಎಂದಳು. ಅತಾವುಲ್ಲಾ ಎರಡೂ ಫೈಲುಗಳನ್ನು ಮುಚ್ಚಿದ. ನಾಳೆ ಮಾಡಿದರಾಯಿತು ಎಂದುಕೊಂಡ.

ಊರು ಸುಮ್ಮನಿರುತ್ತದೆಯೇ? ನಮ್ಮ ಕಡೆ ಹಳೆಯ ತಲೆಗಳೆಲ್ಲ ಜೂನ್ ಒಂದರಂದೇ ಹುಟ್ಟಿದವು; ಶಾಲೆಗೆ ಹೆಸರು ಹಚ್ಚುವಾಗ ಮಾಸ್ತರರು ಬರೆದದ್ದೇ ಜನ್ಮ. ಹೀಗಾಗಿ ತಾರೀಖಿನ ವಿಷಯದಲ್ಲಿ ತಾಯಿಯ ಮಾತನ್ನು ಯಾರೂ ನಂಬುವುದಿಲ್ಲ. ಚಹಾದಂಗಡಿಯಲ್ಲಿ ಕೂತವರು ಮಾತಾಡಿದರು. "ಆ ಮೊರಬದ ಹುಡುಗಿ ವಯಸ್ಸು ಕದ್ದಿದ್ದಳಂತ." "ಆಕಿ ಯಾಕ ಕದೀತಾಳ, ಅವ್ವ ಬರಸ್ಯಾಳ." "ಅದಕ್ಕಽ ಹಂಗ ಓಡ್ತಿದ್ಲು ನೋಡ್, ದೊಡ್ಡಾಕಿ ಅದಾಳ." ಅಯ್ಯೋ, ಬಾಯಿಗೆ ಬಾಗಿಲಿಲ್ಲದ ಜನ! ಅತಾವುಲ್ಲಾ ಅಲ್ಲೇ ಕೂತು ಚಹಾ ಕುಡಿಯುತ್ತಿದ್ದ. ಕಪ್ಪು ಕೆಳಗಿಟ್ಟು ಎದ್ದು ಬಂದನೇ ಹೊರತು ಒಂದು ಮಾತೂ ಆಡಲಿಲ್ಲ. ಅಂದಿನಿಂದ ಸಮೀಕ್ಷಾ ಮೈದಾನಕ್ಕೂ ಬರಲಿಲ್ಲ, ಮನೆಗೂ ಬರಲಿಲ್ಲ.

ಗುರುವಾರ ಮಧ್ಯಾಹ್ನ ಕಸ್ತೂರೆವ್ವ ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಬಿಸಿಲಿಗೆ ಮುಖ ಕೆಂಪಾಗಿತ್ತು. ಅವಳನ್ನು ಕಂಡು ಅತಾವುಲ್ಲಾ ಎದ್ದು ಕುರ್ಚಿ ಸರಿಸಿದ. ಅವಳು ಕುರ್ಚಿ ಬಿಟ್ಟು ನೆಲಕ್ಕೇ ಕೂತಳು.

"ಪೇಂಟರಣ್ಣಾ, ಒಂದ ಮಾತ ಕೇಳಾಕ ಬಂದೇನ್ರಿ. ಫೈಲಿನ್ಯಾಗ ಮೇ ತಿಂಗಳ ಐತಿ ಅಂತ ಮಾಸ್ತರ ಫೋನಿನ್ಯಾಗ ಹೇಳಿದ್ರು. ಆಧಾರ ಕಾರ್ಡಿನ್ಯಾಗ ಬರೇ ವರ್ಸ ಐತಿ. ಹುಟ್ಟಿದ ಕಾಗದ ಸಾಲಿಗೆ ಕೊಟ್ಟೇನಿ, ಸಾಲಿ ಸೂಟಿ, ಕ್ಲರ್ಕ ಊರಾಗಿಲ್ಲ, ಕಪಾಟದ ಕೀಲಿ ಅವನ ಕೈಯಾಗ. ನನಗ ನೆನಪಿರೂದು ಬ್ಯಾರೆ ಐತ್ರಿ. ದೀಪಾವಳಿ ಪಾಡ್ಯ ಮುಗದಿತ್ತು. ಹತ್ತಿ ಬಿಡಸಾಕ ಹೋದಾಗ ಹೊಲದಾಗಽ ಬ್ಯಾನಿ ಸುರು ಆತು. ಚಕ್ಕಡ್ಯಾಗ ಹಾಕ್ಕೊಂಡ ದವಾಖಾನಿಗೆ ಒಯ್ದ್ರು. ಥಂಡಿ ಬಿಟ್ಟಿತ್ತು, ನಮ್ಮವ್ವ ತನ್ನ ಕೌದಿ ತಗದು ನನಗ ಹೊಚ್ಚಿದ್ಲು. ಮೇ ತಿಂಗಳದಾಗ ಕೌದಿ ಯಾರ ಹೊಚ್ತಾರ್ರಿ?"

ಅವಳಿಂದ ಮೊಳದೂರದಲ್ಲಿ, ಆ ಕಂಪ್ಯೂಟರಿನ ಹೊಟ್ಟೆಯಲ್ಲಿ, ಅವಳು ಹೇಳಿದ ದೀಪಾವಳಿಯೂ ಥಂಡಿಯೂ ಸರಿಯಾಗಿ ಐದನೇ ನವೆಂಬರ್ ಎಂದು ಕೂತಿತ್ತು.

"ಎಲ್ಲಾರೂ ಅಂತಾರ, ನೆನಪ ತಪ್ಪೇತಿ, ಇಲ್ಲಾ ಸುಳ್ಳ ಹೇಳ್ತಿ ಅಂತ. ನೀವು ತಿಳದವರು. ಕಂಪ್ಯೂಟರಿನ್ಯಾಗ ತಪ್ಪ ಆಗಾಕ ಬರತೈತೇನ್ರಿ?"

ಹೌದು ಎನ್ನಬೇಕಿತ್ತು. ಎರಡೇ ಅಕ್ಷರ. ಅದರ ಬದಲು ಅವನ ಬಾಯಿಂದ ಬಂದದ್ದು ಬೇರೆ.

"ಕಂಪ್ಯೂಟರ ಏನ್ ಸುಳ್ಳ ಹೇಳಂಗಿಲ್ಲವ್ವಾ."

ಕಸ್ತೂರೆವ್ವ, "ಹಂಗಾರ ನಂದಽ ತಪ್ಪಿರಬೇಕ್ರಿ" ಎಂದಳು. ಸೆರಗು ಸರಿಮಾಡಿಕೊಂಡು ಎದ್ದವಳು ಬಾಗಿಲಲ್ಲಿ ನಿಂತು, "ಮುಬಶಿರಾ ಚೊಲೋ ಹುಡುಗಿರಿ. ಹೋಗಿ ಓ‌ಡ್ಲಿ. ಆಕಿ ಹೋದ್ರೂ ನನ್ನ ಮಗಳ ಹೋದಂಗ" ಎಂದು ಹೇಳಿ ಹೋದಳು. ಬೈದು ಹೋಗಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು ಅತಾವುಲ್ಲಾನಿಗೆ. ಅವತ್ತು ಬೇಗನೇ ಅಂಗಡಿ ಮುಚ್ಚಿದ.

ಶುಕ್ರವಾರ ನಮಾಜಿಗೆ ಹೋದ. ಸಾಲು ನೆಟ್ಟಗೆ ಮಾಡಿಕೊಳ್ಳಿ, ಭುಜಕ್ಕೆ ಭುಜ ತಾಗಲಿ ಎಂದು ಇಮಾಮರು ವಾರವಾರವೂ ಹೇಳುವ ಮಾತನ್ನೇ ಹೇಳಿದರು. ಸಾಲು ನೆಟ್ಟಗಾಯಿತು. ಆ ನೆಟ್ಟಗಿನ ಸಾಲಿನಲ್ಲಿ ತಾನೊಬ್ಬನೇ ಸೊಟ್ಟ ಎನಿಸಿತು ಅವನಿಗೆ. ದುವಾಕ್ಕೆ ಕೈ ಎತ್ತಿದರೆ ಕೇಳುವುದಕ್ಕೆ ಏನೂ ಹೊಳೆಯಲಿಲ್ಲ. ಮಗಳಿಗೆ ಒಳ್ಳೆಯದು ಮಾಡು ಎನ್ನಬೇಕೆ? ಯಾರ ಮಗಳಿಗೆ?

ಮನುಷ್ಯನ ಮನಸ್ಸು ವಕೀಲನಿಗಿಂತ ಜಾಣ. ತಾನು ಬೇಕೆಂದು ಮಾಡಿದ್ದಲ್ಲ, ಯಂತ್ರ ಮಾಡಿದ್ದು. ಮುಬಶಿರಾ ಏನು ಕುಂಟಿಯೇ, ಅವಳೂ ಓಡುವವಳೇ. ಈಗ ಹೇಳಿದರೆ ಮಾಸ್ತರರ ನೌಕರಿಗೆ ಕುತ್ತು ಬಂದರೆ? ಹೀಗೆ ಒಂದೊಂದೇ ನೆಪ ಹುಡುಕುತ್ತ ಶನಿವಾರ ಬೆಳಿಗ್ಗೆಯಿಂದ ಫೋನನ್ನು ಮೇಜಿನ ಮೇಲಿಟ್ಟುಕೊಂಡು ಕೂತ. ನಂಬರು ಒತ್ತಿದ, ಅಳಿಸಿದ. ಪಹಣಿಗೆ ಬಂದ ಗಿರಾಕಿಗೆ ಬೆಳೆವಿಮೆಯ ಕಾಗದ ಕೊಟ್ಟ. ಗಡಿಯಾರ ನೋಡಿದ. ಆಫೀಸುಗಳು ಮುಚ್ಚುವ ಹೊತ್ತಾಯಿತು, ಮುಚ್ಚಿಯೂ ಹೋದವು. ಥೂ ಇವನ ಬಾಳೇ! ಆ ಹೊತ್ತು ದಾಟಿದಾಗ ಅವನಿಗೆ ಒಂದು ಕ್ಷಣ ಹಗುರಾದಂತೆ ಆಯಿತು. ಇನ್ನು ಹೇಳಿದರೂ ಉಪಯೋಗವಿಲ್ಲ ಎನ್ನುವ ಹಗುರ ಅದು. ಮರುಕ್ಷಣವೇ ಅದರ ಹೊಲಸು ವಾಸನೆ ಮೂಗಿಗೆ ಬಡಿಯಿತು. ತಪ್ಪಾದದ್ದು ಏಪ್ರಿಲ್ಲಿನಲ್ಲಿ, ಆದರೆ ಪಾಪ ಮಾಡಿದ್ದು ಈಗ ಎಂದು ಅವನಿಗೆ ಸ್ಪಷ್ಟವಾಗಿ ಗೊತ್ತಾಯಿತು.

ಭಾನುವಾರ ಮುಬಶಿರಾ ಬ್ಯಾಗು ತುಂಬುತ್ತಿದ್ದಳು. ಖಾದರಬಿ ನೀರಿಗೆ ಹೋಗಿದ್ದಳು. ಅತಾವುಲ್ಲಾ ಮಗಳ ಎದುರು ನೆಲಕ್ಕೆ ಕೂತು, ತಾರೀಖು ತಿರುಗಿದ್ದನ್ನು ತಡವರಿಸುತ್ತ ಹೇಳಿದ. ಮುಬಶಿರಾ ಅಚ್ಚರಿಪಡಲಿಲ್ಲ. ಮಡಚುತ್ತಿದ್ದ ಬಟ್ಟೆಯನ್ನು ತೊಡೆಯ ಮೇಲಿಟ್ಟುಕೊಂಡಳು.

"ನನಗ ಗೊತ್ತಿತ್ತು ಅಬ್ಬಾ. ಕಾಗದದಾಗ ಆಗಸ್ಟ್ ನೋಡಿದ ದಿನಾನಽ ಗೊತ್ತಾತು."

"ಮತ್ತ ಯಾಕ ಹೇಳಲಿಲ್ಲ ಬೇಟಾ?"

"ನನ್ನ ಸಲುವಾಗಿ ನೀವಽ ಮಾಡೀರಿ ಅಂತ ತಿಳಕೊಂಡಿದ್ದೆ. ಹೇಳಿದ್ರ ನಿಮ್ಮನ್ನ ಪೊಲೀಸ್ರು ಹಿಡೀತಾರ ಅಂತ ಸುಮ್ನಿದ್ದೆ."

ಅತಾವುಲ್ಲಾ ಆಗ ಅತ್ತ. ಹೆಣ್ಣುಮಗುವಿನ ಮುಂದೆ ಗಂಡಸು ಅಳಬಾರದು ಎನ್ನುತ್ತಾರೆ, ಅತ್ತೇ ಬಿಟ್ಟ. ಆ ಹುಡುಗಿ ಐದು ದಿನ ತನ್ನ ಗೆಳತಿಯನ್ನೂ ಕಳೆದುಕೊಂಡು, ಅಪ್ಪನನ್ನು ಕಳ್ಳನೆಂದು ತಿಳಿದು, ಆ ಕಳ್ಳನನ್ನು ಕಾಯುತ್ತ ಕೂತಿತ್ತು. ತಾನು ಬೇಕೆಂದು ಮಾಡಲಿಲ್ಲ ಎಂದು ಆಣೆ ಮಾಡಿ ಹೇಳಿದ. ಅವಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ.

ಸೋಮವಾರ ಬೆಳಿಗ್ಗೆಯೇ ಮಾಸ್ತರರಿಗೆ ಫೋನ್ ಮಾಡಿ ಒಪ್ಪಿಕೊಂಡ. ಮಾಸ್ತರರು, "ಅಲ್ರೀ, ಹೆಂಗ ಅದನೋ ಹಂಗಽ ಕಳಸ್ರಿ ಅಂದಿದ್ನೆಲ್ಲಾ" ಎಂದರು. ಬೆನ್ನಿಗೇ, "ಮಗಳ ಸಲುವಾಗಿ ಮಾಡಿದ್ರ ಅದನ್ನಽ ಹೇಳಿಬಿಡ್ರಿ, ಸುಮ್ನ ಕಂಪ್ಯೂಟರ ಮ್ಯಾಲೆ ಯಾಕ ಹಾಕ್ತೀರಿ" ಎಂದರು. ಅತಾವುಲ್ಲಾ ವಾದ ಮಾಡಲಿಲ್ಲ. ಸುಮ್ಮನಿದ್ದ ದಿನಗಳಲ್ಲೇ ಆ ವಾದವನ್ನು ಸೋತಿದ್ದ. ಮಾಸ್ತರರು ಕ್ರೀಡಾ ಶಾಲೆಗೆ ವಿಚಾರಿಸಿ ಮಧ್ಯಾಹ್ನಕ್ಕೆ ತಿರುಗಿ ಫೋನ್ ಮಾಡಿದರು. ಮುಬಶಿರಾಳ ಹೆಸರು ತೆಗೆದಿದ್ದಾರೆ. ತಿದ್ದುಪಡಿಯ ದಿನ ಮುಗಿದದ್ದರಿಂದ ಆ ಜಾಗವನ್ನು ಕಾಯುವ ಪಟ್ಟಿಯಲ್ಲಿದ್ದ ಬೇರೆ ತಾಲೂಕಿನ ಹುಡುಗಿಗೆ ಕೊಟ್ಟುಬಿಟ್ಟಿದ್ದಾರೆ. ಶನಿವಾರ ಹೇಳಿದ್ದರೂ ಆಗುತ್ತಿತ್ತು ಎಂದರಂತೆ.

ಅತಾವುಲ್ಲಾ ಮೊರಬದ ಬಸ್ಸು ಹತ್ತಿದ. ಕೈಯಲ್ಲಿ ಶಾಲೆಯ ಮೂಲ ಫೈಲಿನ ಪ್ರಿಂಟು. ಗೆರೆಯಿಲ್ಲ, ಚೌಕವಿಲ್ಲ, ಅಲ್ಪವಿರಾಮಗಳ ನಡುವೆ ಸಿಕ್ಕಿಬಿದ್ದ ಹೆಸರು ತಾರೀಖುಗಳು. ಅಂಥ ಕುರೂಪದ ಕಾಗದವನ್ನು ಅವನು ಬದುಕಿನಲ್ಲಿ ಯಾರ ಕೈಗೂ ಕೊಟ್ಟಿರಲಿಲ್ಲ.

ಕಸ್ತೂರೆವ್ವ ಅಂಗಳದಲ್ಲಿ ಹೆಸರು ಕಾಳು ಹಸನು ಮಾಡುತ್ತಿದ್ದಳು. ಅವನನ್ನು ಕಂಡು, "ಬರ್ರಿ ಬರ್ರಿ ಪೇಂಟರಣ್ಣಾ, ಬಿಸಲಾಗ ಬಂದೀರಿ" ಎಂದು ಮೊರ ಕೆಳಗಿಟ್ಟು ಚಾಪೆ ಹಾಸಿದಳು. ಸಮೀಕ್ಷಾ ಒಳಗಿನಿಂದ ನೀರು ತಂದಳು. ಅತಾವುಲ್ಲಾ ನೀರು ಮುಟ್ಟದೆ ಕಾಗದವನ್ನು ಅವಳ ಕೈಗೆ ಕೊಟ್ಟು, ನಿನ್ನ ಹೆಸರಿನ ಮುಂದಿನ ತಾರೀಖು ಓದವ್ವಾ ಎಂದ.

"ಐದು, ಹನ್ನೊಂದು" ಎಂದು ಓದಿ ಸಮೀಕ್ಷಾ ತಾಯಿಯ ಮುಖ ನೋಡಿದಳು. "ನವೆಂಬರ್ ಬೇ."

ಕಸ್ತೂರೆವ್ವ ಎದ್ದು ನಿಂತಳು. "ನವೆಂಬರ್ ಅಂದ್ರ ದೀಪಾವಳಿ ಆದ ಮ್ಯಾಲೇನ?"

"ಹೌದು ಬೇ."

"ಹಂಗಾರ ನಾ ಹೇಳಿದ್ದ ಖರೆ ಐತಿ!" ಆ ಹೆಂಗಸಿನ ಮುಖ ಅರಳಿದ್ದನ್ನು ನೋಡಬೇಕಿತ್ತು. ಬಾಜು ಮನೆಯ ಕಡೆ ತಿರುಗಿ, "ಏ ಯಕ್ಕಾ, ಕೇಳಿದೇನ, ನವೆಂಬರಂತ! ಥಂಡಿ ಇತ್ತು ಅಂತ ನಾ ಬಡಕೊಂಡಿದ್ದಿಲ್ಲಾ?" ಎಂದು ಕೂಗಿದಳು. ನಗುತ್ತಿದ್ದಳು, ಕಣ್ಣು ಒರೆಸಿಕೊಳ್ಳುತ್ತಿದ್ದಳು. ಅತಾವುಲ್ಲಾ ತಲೆ ತಗ್ಗಿಸಿಕೊಂಡು ಉಳಿದದ್ದನ್ನೆಲ್ಲ ಹೇಳಿದ. ತಾರೀಖು ತಿರುಗಿಸಿದವನು ತಾನೇ ಎಂದ. ಜಾಗ ಕೈಬಿಟ್ಟು ಹೋಯಿತು, ಶನಿವಾರವೇ ಕೊನೆಯ ದಿನವಾಗಿತ್ತು ಎಂದ. ಸಮೀಕ್ಷಾ ಕಾಗದ ಹಿಡಿದುಕೊಂಡೇ ಬಾಗಿಲ ಚೌಕಟ್ಟಿಗೆ ಒರಗಿದಳು.

ಕಸ್ತೂರೆವ್ವನ ನಗು ನಿಂತಿತ್ತು. ಅವಳು ಕೇಳಿದ್ದು ಜಾಗದ ಮಾತಲ್ಲ.

"ನಿಮಗ ಇದು ಯಾವಾಗ ತಿಳೀತ್ರಿ?"

"ಬುಧವಾರ."

"ನಾ ನಿಮ್ಮ ಅಂಗಡಿಗೆ ಬಂದದ್ದು ಗುರುವಾರ."

"ಹೌದವ್ವಾ."

ಅವಳು ಮತ್ತೆ ಮೊರದ ಮುಂದೆ ಕೂತಳು. ಕಾಳಿನಲ್ಲಿ ಬೆರಳಾಡಿಸುತ್ತ, ದನಿ ಏರಿಸದೆ ಹೇಳಿದಳು.

"ಸಾಲಿ ಹೋದ್ರ ಹೋತು ಬಿಡ್ರಿ, ನಮ್ಮ ಹಣೇಬಾರ. ಆದ್ರ ಅವತ್ತ ನಿಮ್ಮ ಅಂಗಡಿಯಿಂದ ಮನೀಗೆ ಬಂದ ಕೂಡ್ಲೆ ಈ ಹುಡುಗಿ ಕೇಳ್ತು, ಯವ್ವಾ, ಖರೇನಽ ಹೇಳು, ನಾ ಯಾವಾಗ ಹುಟ್ಟೀನಿ ಅಂತ. ನಾ ಏನಂದೆ ಗೊತ್ತೇನ್ರಿ? ನನಗ ಗೊತ್ತಿಲ್ಲವ್ವಾ ಅಂದೆ. ಹಡದಾಕಿ ನಾ, ನನ್ನ ಮಗಳ ಮಾರಿ ನೋಡಿ ಹಂಗ ಅಂದೀನ್ರಿ ಪೇಂಟರಣ್ಣಾ."

ಅತಾವುಲ್ಲಾ ಚಾಪೆಯ ಮೇಲೆ ಕೂತಲ್ಲೇ ಕೂತ. ಕಸ್ತೂರೆವ್ವ ಕಾಳಿನೊಳಗಿನ ಕಲ್ಲುಗಳನ್ನು ಒಂದೊಂದಾಗಿ ಆರಿಸಿ ಅಂಗಳಕ್ಕೆ ಒಗೆಯತೊಡಗಿದಳು.